ತಮಟೆ ಬಡಿದು ತಿನ್ನಿಸಿದ ದೋಸೆ

ನನ್ನ ಮೊಮ್ಮಗಳು ಅಜ್ಜಂಪುರದ ಹೋಟೆಲಿನ ಒಳಗೆ, ಬೆಂಚಿನ ಮೇಲೆ ಕೂತು ದೋಸೆ ತಿಂದಳು! ಮೊದಲು ಈ ಮಾತು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಎಷ್ಟು ವರ್ಷವಾದರೂ ನೆನೆದಾಗೆಲ್ಲ ನಗು ತಡೆಯಲಾಗುವುದಿಲ್ಲ.

ತಮಟೆ ಬಡಿದು ಸರ್ಕಾರದ ಸುದ್ದಿ ಸಾರುವ ಕೆಲಸ ನಮ್ಮ ಮನೆತನದ್ದು. ಅಸ್ಪೃಶ್ಯತೆ ಅಪರಾಧ ಎಂಬ ಕಾನೂನು ಹೊಸದಾಗಿ ಬಂದಾಗ ಅದನ್ನೂ ನನ್ನ ಕೈಲೇ ಸಾರಿಸಿದರು. ಹೋಟೆಲು, ಬಾವಿ, ಕ್ಷೌರದಂಗಡಿ, ಎಲ್ಲೂ ಜಾತಿ ನೋಡಿ ಯಾರನ್ನೂ ಹೊರಗೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಜೈಲು. ಹೋಟೆಲಿನ ಮುಂದಂತೂ ಗಂಟಲು ಹರಿಯುವ ಹಾಗೆ ಕೂಗಿದೆ.

"ಚೆನ್ನಾಗಿ ಸಾರ್‍ದೆ ಕಣೋ" ಎಂದು ಹೋಟೆಲಿನ ಯಜಮಾನರು ಸೂರಿಗೆ ಸಿಕ್ಕಿಸಿದ್ದ, ನಮ್ಮ ಜಾತಿಯವರಿಗೆಂದೇ ಬೇರೆ ಇಟ್ಟ ಲೋಟ ತೋರಿಸಿದರು. ನಾನು ಮೋರಿ ಪಕ್ಕ ನಿಂತು ಅದರಲ್ಲೇ ಕಾಫಿ ಕುಡಿದು, ಲೋಟ ತೊಳೆದು ಸಿಕ್ಕಿಸಿ, ಅದೇ ಕಾನೂನು ಸಾರಲು ಮುಂದಿನ ಬೀದಿಗೆ ಹೊರಟೆ!

ಜೊತೆಗಿದ್ದ ಮೊಮ್ಮಗಳು ಕೇಳಿದಳು: "ತಾತ, ನೀನ್ ಕೂಗಿದ್ದು ನಮಗೂ ಸೇರುತ್ತಾ?"

ನಾನು ಮತ್ತೆ ಹೋಟೆಲಿನ ಕಡೆಗೆ ತಿರುಗಿದೆ. ದಿನಾ ಸ್ಕೂಲಿಂದ ಬರುವಾಗ ಆ ಹೋಟೆಲಿನ ಕಾವಲಿ ನೋಡುತ್ತಾ ಬೀದಿಯಲ್ಲೇ ನಿಲ್ಲುತ್ತಿದ್ದ ಹುಡುಗಿ ಅವಳು.

"ಸೇರುತ್ತೆ ಕಣವ್ವ. ನಡಿ, ದೋಸೆ ತಿನ್ನಾನ."

ಯಜಮಾನರು ಬಾಗಿಲಿಗೆ ಅಡ್ಡ ಬಂದರು. "ಒಳಗೆ ಜಾಗ ಇಲ್ವಲ್ಲೋ."

"ಎರಡು ಬೆಂಚು ಖಾಲಿ ಐತಲ್ಲ ಸ್ವಾಮಿ."

"ಕಾಲು ಮುರಿದಿದೆ."

"ಎರಡಕ್ಕೂವಾ?"

ನನಗೆ ಜಗಳ ಬರುವುದಿಲ್ಲ. ಬರುವುದು ಒಂದೇ ವಿದ್ಯೆ. ಅಲ್ಲೇ ನಿಂತು ತಮಟೆ ಬಡಿದೆ. "ಕೇಳ್ರಪ್ಪೋ ಕೇಳ್ರಿ! ಹೋಟ್ಲಲ್ಲಿ ಯಾರ್‍ನೂ ತಡೀಬಾರದಂತೆ! ತಡುದ್ರೆ ಜೈಲಂತೆ!" ಬೀದಿಯ ಜನವೆಲ್ಲ ನೆರೆಯಿತು. ಒಳಗೆ ತಿನ್ನುತ್ತಿದ್ದ ಗಿರಾಕಿಯೊಬ್ಬ, "ಸ್ವಾಮಿ, ನೀವು ಜೈಲಿಗೋದ್ರೆ ನಮಗೆ ದೋಸೆ ಹುಯ್ಯೋರ್‍ಯಾರು?" ಅಂದ.

"ನಿಲ್ಸೋ ಮಾರಾಯ! ಬಾ ಒಳಕ್ಕೆ!" ಎಂದು ಯಜಮಾನರು ಬಾಗಿಲು ಬಿಟ್ಟರು.

ಬೆಂಚಿನ ಕಾಲು ಗಟ್ಟಿಯಾಗಿಯೇ ಇತ್ತು. ದೋಸೆ ಬಂತು. ಅಭ್ಯಾಸಬಲದಿಂದ ನಾನು ಕೈಮುಗಿಯಲು ಹೋದೆ. ಅಷ್ಟರಲ್ಲಿ ಮೊಮ್ಮಗಳು ಬೆರಳು ನೆಕ್ಕಿ, "ಚಟ್ನಿ ನೀರಾಗೈತೆ" ಅಂದಳು. ಮುಗಿಯಲು ಎತ್ತಿದ ಕೈಯಿಂದಲೇ ಅವಳ ಬಾಯಿ ಮುಚ್ಚಲು ನೋಡಿದೆ. ಯಜಮಾನರು, ಎಲ್ಲ ಗಿರಾಕಿಗಳಿಗೂ ಗೊಣಗುವ ಹಾಗೆಯೇ ಗೊಣಗುತ್ತಾ, ಗಟ್ಟಿ ಚಟ್ನಿ ತಂದು ಹಾಕಿದರು. ಆ ಗೊಣಗಾಟ ಕೇಳಿ ಆದ ಸಂತೋಷ ದೋಸೆಯಿಂದಲೂ ಆಗಲಿಲ್ಲ.

ಸಂಜೆ ಮನೆಮಂದಿಯೆಲ್ಲ ಕೂತು ಮುದ್ದೆ ಉಣ್ಣುವಾಗ ಅವಳು ಚಟ್ನಿಯ ಕಥೆಯನ್ನು ನಾಲ್ಕನೇ ಸಲ ಹೇಳಿದಳು. ನನ್ನ ಹೆಂಡತಿ ಹುರುಳಿಸಾರು ಬಿಡುತ್ತಾ, "ಸಾರು ನೀರಾಗಿದ್ರೆ ಈಗ್ಲೇ ಹೇಳ್ಬಿಡವ್ವ, ಆಮೇಲೆ ನಿಮ್ ತಾತ ತಮಟೆ ತಗಂಡು ನಮ್ಮನೆ ಬಾಗ್ಲಲ್ಲೇ ನಿಂತಾರು" ಅಂದಳು. ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ಎಲ್ಲರೂ ನಕ್ಕೆವು.