ಉಪ್ಪು ಬಿದ್ದ ಮೂರು ಡ್ರಮ್ಮು

ಕೋವಿಡ್ ಮುಗಿದ ಮರುವರ್ಷ ನಾನು ಕಾರವಾರದಲ್ಲಿ ತರಬೇತಿ ಅಧಿಕಾರಿಯಾಗಿದ್ದೆ. ಸಣ್ಣ ಆಹಾರ ತಯಾರಕರಿಗೆ ತ್ಯಾಜ್ಯ ನಿರ್ವಹಣೆ ಕಲಿಸುವುದು ನನ್ನ ಕೆಲಸ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಹುರುಪು ಮಾತ್ರ ನಿನ್ನೆ ನೌಕರಿಗೆ ಸೇರಿದವಳದು.

ಅಂಕೋಲೆಯ ಕಡಲಂಚಿನಲ್ಲಿ ಹನ್ನೆರಡು ಹೆಂಗಸರು ಬೀರಣ್ಣನವರ ತೆಂಗಿನ ತೋಟದ ಪಕ್ಕ, ಅವರದೇ ಖಾಲಿ ಜಾಗದಲ್ಲಿ ಮೀನು ಒಣಗಿಸುತ್ತಿದ್ದರು. ತಲೆ, ಕರುಳಿನ ರಾಶಿ ಅಲ್ಲೇ ಕೊಳೆಯುತ್ತಿತ್ತು. ನೊಣ, ನಾಯಿ, ನಾತ.

ಬೀರಣ್ಣ ಕಡ್ಡಿ ಮುರಿದಂತೆ ಹೇಳಿದ್ದರು: "ಮಳೆ ಬೀಳೂದ್ರೊಳಗೆ ಈ ನಾತ ಹೋಗ್ಬೇಕು. ಇಲ್ಲಾಂದ್ರೆ ಬೇಲಿ ಹಾಕ್ತೆ."

ಜಾಗ ಹೋದರೆ ಅವರ ಕಸುಬೇ ಹೋದಂತೆ.

ನಾನು ಕಲಿಸಿದ್ದು ಮೀನಿನ ದ್ರವಗೊಬ್ಬರ. ತ್ಯಾಜ್ಯಕ್ಕೆ ಸಮತೂಕದ ಬೆಲ್ಲ ಬೆರೆಸಿ ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಹುದುಗಿ ಕಂದು ರಸವಾಗುತ್ತದೆ. ಇದೇ ಫರ್ಮೆಂಟೇಶನ್. ರಾಶಿಯೆಲ್ಲ ಮೂರು ಡ್ರಮ್ಮು ಸೇರಿತು. ಇಪ್ಪತ್ತೈದನೇ ದಿನ ಮುಚ್ಚಳ ತೆಗೆದರೆ ನಾತವೇ ಇಲ್ಲ. ಸಂತೋಷ ತಡೆಯದೆ ಚಪ್ಪಾಳೆ ತಟ್ಟಿಬಿಟ್ಟೆ. ಎಲ್ಲರೆದುರು ನೀರು ಬೆರೆಸಿ ಹರಿವೆ ಮಡಿಗೆ ಹಾಕಿಸಿದೆ. ನಾಲ್ಕನೇ ದಿನ ಹರಿವೆ ಸುಟ್ಟು ಹೋಗಿತ್ತು.

"ಬೆಲ್ಲ ಬಿಟ್ಟು ಮತ್ತೆಂತ ಹಾಕಿದ್ರಿ?" ಎಂದು ರೇಗಿದೆ.

ಗುಂಪಿನ ಹಿರಿಯಳು ದೇವಕಕ್ಕ ಸೆರಗು ಸರಿಪಡಿಸಿಕೊಂಡಳು. "ಪದರಕ್ಕೊಂದು ಬೊಗಸೆ ಉಪ್ಪು ಹಾಕ್ದೆ, ಅಕ್ಕೋರೆ. ಮೀನು ಕಂಡ್ರೆ ಕೈ ಉಪ್ಪಿನ ಬುಟ್ಟಿಗೇ ಹೋಗ್ತದೆ."

ಹುದುಗಬೇಕಾದದ್ದು ಉಪ್ಪಿನಕಾಯಿಯಾಗಿತ್ತು. ಮಳೆಗೆ ಎರಡೇ ವಾರ. ಡ್ರಮ್ಮು ಖಾಲಿಯಾಗದಿದ್ದರೆ ಹೊಸ ತ್ಯಾಜ್ಯ ಮತ್ತೆ ಅಲ್ಲೇ ರಾಶಿ ಬೀಳುತ್ತದೆ. ಎಲ್ಲ ಚೆಲ್ಲಿಬಿಡಿ ಎಂದೆ.

"ಚೆಲ್ಲೂದೆಂತಕೆ? ತೆಂಗಿನ ಸಸಿ ನೆಡುವಾಗ ನಾವು ಗುಂಡಿಗೆ ಉಪ್ಪೇ ಹಾಕೂದಲ್ಲ?"

ತೆಂಗು ಉಪ್ಪು ತಡೆಯುತ್ತದೆಂದು ನಾನೂ ಓದಿದ್ದೆ. ಕೃಷಿ ಪದವಿಯವಳಿಗೆ ಅದು ಹೊಳೆಯಲಿಲ್ಲ, ಅಷ್ಟೆ. ಆಗಲೇ ಬೀರಣ್ಣನವರ ಮನೆಗೆ ಓಡಿ, ಕಾಡಿ ಬೇಡಿ, ಪ್ರಯೋಗಕ್ಕೆಂದು ಮೂರು ತೆಂಗಿನ ಮರ ಕೇಳಿಕೊಂಡೆವು. ರಸವನ್ನು ತೆಳ್ಳಗೆ ಮಾಡಿ ಬುಡದ ಸುತ್ತ ಹಾಕಿದೆವು. ಕಾರವಾರದಿಂದ ದಿನವೂ ಬಸ್ಸು ಹತ್ತಿ ಹೋಗಿ ಗರಿ ನೋಡುತ್ತಿದ್ದೆ. ಒಂದೂ ಬಾಡಲಿಲ್ಲ.

ಮೋಡ ಕಟ್ಟಿದ ದಿನ ಬೀರಣ್ಣ ಆಳುಗಳ ಹೆಗಲ ಮೇಲೆ ಕಂಬ ಹೊರಿಸಿಕೊಂಡು ಬಂದರು. ಹೆಂಗಸರ ಮುಖ ಬಿಳಿಚಿತು.

"ಬೇಲಿಗಾ?" ಎಂದು ದೇವಕಕ್ಕ ಕೇಳಿದಳು.

"ಡ್ರಮ್ಮಿನ ಮೇಲೊಂದು ಮಾಡು ಕಟ್ಟೂಕೆ. ಮಳೆನೀರು ಬಿದ್ರೆ ರಸ ಹಾಳಾಗ್ತದೆ. ಆಮೇಲೆ ನನ್ನ ಉಳಿದ ಮರಕ್ಕೆ ಎಂತ ಹಾಕೂದು?"

ಮುಂದೆ ನಿವೃತ್ತಿಯವರೆಗೂ ಪ್ರತಿ ತರಬೇತಿಯ ಮೊದಲ ತಾಸು ನಾನು ಮಾತಾಡಲಿಲ್ಲ. ಕಲಿಯಲು ಬಂದವರ ಕೈ ಯಾವ ಬುಟ್ಟಿಗೆ ಹೋಗುತ್ತದೆ ಎಂದು ನೋಡುತ್ತ ಕೂರುತ್ತಿದ್ದೆ.