ಎಹಾದ್ ಎಂಬ ಪದದ ಬಾಲ

ಆ ದಿನ ಮಕ್ಕಳು ನಕ್ಕರೋ ಇಲ್ಲವೋ ನನಗೆ ಖಚಿತವಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಏನೋ ಸದ್ದು ಕೇಳಿಸಿತು. ನಗುವಾಗಿರಬಹುದು, ಯಾರೋ ಕುರ್ಚಿ ಸರಿಸಿದ್ದೂ ಆಗಿರಬಹುದು. ಊರಿಗೆ ಮರಳುವಷ್ಟರಲ್ಲಿ ಅದು ನನ್ನ ತಲೆಯಲ್ಲಿ ಸ್ಪಷ್ಟ ನಗುವಾಗಿತ್ತು. ಆಮೇಲೆ ಮತ್ತೆ ಕುರ್ಚಿಯಾಯಿತು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ವಿದ್ಯಾರ್ಥಿ ಯಾರಾದರೂ ಇಂಥ ಸಾಕ್ಷ್ಯ ತಂದರೆ ಒಪ್ಪುವುದಿಲ್ಲ.

ನಾವು ಯೆಹೂದಿಗಳು. ಹೊಸಪೇಟೆಯಲ್ಲಿ ನನಗೆ ತಿಳಿದ ಮಟ್ಟಿಗೆ ನಮ್ಮದೊಂದೇ ಮನೆ. ಅಜ್ಜ ಕೊಂಕಣದಿಂದ ಸಂಡೂರಿನ ಗಣಿ ಕೆಲಸಕ್ಕೆ ಬಂದು ಅಲ್ಲೇ ಉಳಿದ. ಮನೆಯಲ್ಲಿ ಮರಾಠಿ ಕೇಳಿಸುವುದರಿಂದ ಓಣಿಯವರ ಲೆಕ್ಕದಲ್ಲಿ ನಾವು ಮರಾಠಿ ಮಂದಿ. ದೇವರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ತನ್ನಂಥವರು ಬೇರೆಲ್ಲೋ ಇದ್ದಾರೆಂಬುದು ಮಗಳಿಗೆ ಗೊತ್ತಿರಲಿ ಎಂದು ಹೆಂಡತಿ ಹಟ ಹಿಡಿದಳು. ಹಾಗಾಗಿ ಶಾಲೆ ನಡೆಯುವ ತಿಂಗಳುಗಳಲ್ಲಿ ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ಧರ್ಮಪಾಠ, ಬೇಸಿಗೆ ರಜೆಯಲ್ಲಿ ಕೊಂಕಣದ ಒಂದು ಊರಿನಲ್ಲಿ ಎಲ್ಲ ಮಕ್ಕಳೂ ಸೇರುವ ಶಿಬಿರ.

ಮೊದಲ ಬೇಸಿಗೆ ಅವಳಿಗೆ ಸುಖ ಕೊಡಲಿಲ್ಲ. ‘ಹಂಪಿ ಅಂದ್ರ ನಾವು ನೋಡಾಕ ಹೋಗೋ ಊರು, ನೀ ಅಲ್ಲೇ ಇರ್ತೀಯಾ? ಗುಡಿ ಕಂಬದ ಸಂದ್ಯಾಗ ಮಲಗ್ತೀಯೇನು? ಅಂತ ಕೇಳಿದ್ರಪ್ಪಾ’ ಎಂದು ಬಂದು ಹೇಳಿದ್ದಳು. ಅವಳ ಹೀಬ್ರೂ ಉಚ್ಚಾರಕ್ಕೂ ನಕ್ಕಿದ್ದರಂತೆ. ಎರಡನೆಯ ಬೇಸಿಗೆ ಹತ್ತಿರ ಬಂದಾಗ ಭಾನುವಾರದ ಪಾಠದ ಶಿಕ್ಷಕಿ, ಈ ಸಲ ಶಿಬಿರದಲ್ಲಿ ಒಬ್ಬೊಬ್ಬರೂ ಎಲ್ಲರ ಮುಂದೆ ನಿಂತು ಶೆಮಾ ಹೇಳಬೇಕು ಎಂದರು. ಶೆಮಾ ನಮ್ಮ ಮುಖ್ಯ ಪ್ರಾರ್ಥನೆ. ದೇವರು ಒಬ್ಬನೇ ಎನ್ನುವ ಅದರ ಮೊದಲ ಸಾಲು ‘ಎಹಾದ್’, ಅಂದರೆ ‘ಒಬ್ಬ’, ಎಂಬ ಪದದಿಂದ ಮುಗಿಯುತ್ತದೆ. ಆ ಸಾಲನ್ನು ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ.

‘ಈ ಸಲಾನೂ ನಕ್ಕರ ಮುಗೀತು ನೋಡು. ಭಾನುವಾರದ ಕ್ಲಾಸೂ ಬ್ಯಾಡ, ಏನೂ ಬ್ಯಾಡ’ ಅಂದಳು ಮಗಳು.

ಸಾಲನ್ನು ಕಲಿಸಿದವನು ನಾನೇ. ಶಿಕ್ಷಕಿ ಹೇಳಿಕೊಡುವಾಗ ನಮ್ಮ ನೆಟ್‌ವರ್ಕಿನಲ್ಲಿ ಪ್ರತಿ ಪದದ ಬಾಲವೂ ಕತ್ತರಿಸಿ ಹೋಗುತ್ತಿತ್ತು. ಮಕ್ಕಳು ಒಟ್ಟಿಗೆ ಹೇಳುವಾಗ ಎಲ್ಲರ ಮೈಕೂ ಬಂದ್. ಹಾಗಾಗಿ ಸಂಡೂರಿನ ಮನೆಯ ಕಟ್ಟೆಯ ಮೇಲೆ ಅಜ್ಜ ಹೇಳುತ್ತಿದ್ದುದನ್ನು ನೆನಪಿಸಿಕೊಂಡು ಕಲಿಸಿದೆ. ಅಜ್ಜ ಕೊನೆಯ ಪದವನ್ನು ಎಳೆಯುತ್ತಿದ್ದ. ‘ಎಹಾ’ ಎಂದು ಶುರುವಾದದ್ದು ‘ದ್’ ಮೇಲೆ ಬಹಳ ಹೊತ್ತು ನಿಲ್ಲುತ್ತಿತ್ತು.

‘ಹಿಂಗ ಎಳೀಬೇಕಂತ ನಿನಗ ಖಾತ್ರಿ ಐತಾ? ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರು ಊರ ಹೆಸರು ಕೂಗ್ತಾ ಕಂಪ್ಲೀಈಈ ಅಂದಂಗ ಆಗ್ತೈತಿ’ ಅಂದಳು ಮಗಳು.

ಖಾತ್ರಿ ಇರಲಿಲ್ಲ. ಹೆಂಡತಿಯನ್ನು ಕೇಳಿದೆ. ಅವಳ ತವರಿನಲ್ಲಿ ಊಟ ಆರಿಹೋಗುತ್ತದೆಂದು ಎಲ್ಲರೂ ಬೇಗ ಬೇಗ ಹೇಳಿ ಮುಗಿಸುತ್ತಿದ್ದರಂತೆ. ಪುಣೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ನಾವಿಬ್ಬರೂ ಮರಾಠಿಯಲ್ಲಿ ಕುಶಲ ಕೇಳಿ ಕನ್ನಡದಲ್ಲಿ ಜಗಳಾಡುತ್ತೇವೆ.

‘ಲೇ, ಅಜ್ಜಗ ದಮ್ಮಿತ್ತಲೇ’ ಅಂದಳು. ‘ಗಣಿ ಧೂಳು ಕುಡಿದು ಎದಿ ಸುಂಯ್ ಅಂತಿತ್ತು. ನೀ ಅದನ್ನ ಧರ್ಮ ಮಾಡ್ಕೊಂಡಿಯಾ?’

‘ದಮ್ಮಿದ್ದವರು ಮೊಟಕು ಮಾಡ್ತಾರ, ಎಳಿತಾರೇನು?’

‘ನೀ ಆಗ ಚೊಣ್ಣ ಸುದ್ದ ಹಾಕ್ಕೊಂತಿರಲಿಲ್ಲ. ನಿನಗೇನು ನೆನಪಿರ್ತೈತಿ?’

ಅದೂ ನಿಜವಿರಬಹುದು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕೆಲವರು ಎಳೆಯುತ್ತಿದ್ದರು, ಕೆಲವರು ಎಳೆಯುತ್ತಿರಲಿಲ್ಲ. ಶಿಕ್ಷಕಿಯನ್ನೇ ಕೇಳೋಣವೆಂದರೆ ಮಗಳು ಬಿಡಲಿಲ್ಲ. ‘ಬ್ಯಾಡಪ್ಪಾ, ಇವರ ಮನ್ಯಾಗ ಯಾರಿಗೂ ಬರಂಗಿಲ್ಲ ಅಂತ ತಿಳ್ಕೊಂತಾರ.’ ಒಬ್ಬ ಮುದುಕನ ಕಾಯಿಲೆಯನ್ನು ನಾನು ಮಗಳಿಗೆ ಪ್ರಾರ್ಥನೆಯೆಂದು ಕಲಿಸಿದ್ದರೆ? ಶಿಬಿರಕ್ಕೆ ಹೊರಟ ರೈಲಿನಲ್ಲಿ ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು. ‘ಎಳೀಬ್ಯಾಡ ಬಿಡು’ ಎನ್ನಲು ಎರಡು ಸಲ ಬಾಯಿ ತೆರೆದೆ. ಅವಳು ಕಿಟಕಿಯ ಕಡೆ ತಿರುಗಿ ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದಳು. ಕೊನೆ ಗಳಿಗೆಯಲ್ಲಿ ಬದಲಿಸಿದರೆ ಪೂರ್ತಿ ತಪ್ಪೀತೆಂದು ಸುಮ್ಮನಾದೆ.

ಶಿಬಿರದಲ್ಲಿ ಅವಳ ಸರದಿ ಬಂತು. ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಶುರುಮಾಡಿದಳು. ಕೊನೆಯ ಪದವನ್ನು ಎಳೆದಳು, ನಾನು ಕಲಿಸಿದ್ದಕ್ಕಿಂತಲೂ ಉದ್ದಕ್ಕೆ. ಆಗಲೇ ಆ ಸದ್ದು. ಶಿಕ್ಷಕಿ ತಲೆಯಾಡಿಸಿ ಮುಂದಿನವರನ್ನು ಕರೆದರು. ಹೌದೆಂದು ಆಡಿಸಿದರೋ, ಸಾಕೆಂದು ಆಡಿಸಿದರೋ ತಿಳಿಯಲಿಲ್ಲ.

ಹೊರಗೆ ಬಂದವಳೇ ನನ್ನ ತೋಳು ಹಿಡಿದಳು. ‘ಯಾರರ ನಕ್ಕರಾ?’

‘ಗೊತ್ತಾಗಲಿಲ್ಲವ್ವಾ.’

‘ಕಣ್ಣು ಮುಚ್ಚಿದಾಕಿ ನಾನು, ನೀ ಅಲ್ಲ!’

ನಗಲಿಲ್ಲ ಎಂದುಬಿಡುವುದು ಸುಲಭವಿತ್ತು. ಆಮೇಲೆ ಬೇರೆ ಮಕ್ಕಳ ಬಾಯಿಂದ ಅವಳಿಗೆ ತಿಳಿದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

‘ಹೋಗ್ಲಿ, ನಾ ಹೇಳಿದ್ದು ಸರೀನೋ ತಪ್ಪೋ? ಅಷ್ಟರ ಹೇಳು’ ಅಂದಳು.

ಜೂನಿನಲ್ಲಿ ಶಾಲೆ ಶುರುವಾಯಿತು, ಭಾನುವಾರದ ಪಾಠವೂ. ಅವಳು ಕೂರಲಿಲ್ಲ. ಹೊತ್ತಾದಾಗ ಮೊಬೈಲು ತಾನೇ ಬಡಿದುಕೊಂಡು ಸುಮ್ಮನಾಗುತ್ತಿತ್ತು. ‘ನೀ ಹೇಳೋ ತನಕ ಕುಂದ್ರಂಗಿಲ್ಲ’ ಎನ್ನುತ್ತಿದ್ದಳು. ಕೊನೆಗೆ ಅವಳಿಗೆ ತಿಳಿಸದೆ ಶಿಕ್ಷಕಿಗೆ ಫೋನ್ ಮಾಡಿದೆ. ಸರಿಯಾಗಿಯೇ ಹೇಳಿದ್ದಾಳೆ ಎಂದರು. ಮಗುವಿಗೆ ನೋವಾಗದಿರಲೆಂದು ಹೇಳಿದ ಮಾತೂ ಇರಬಹುದು, ಹಾಗಾಗಿ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ನಮ್ಮ ಹಳೆಯ ಧರ್ಮನಿಯಮಗಳ ಗ್ರಂಥದ ಅನುವಾದ ಹುಡುಕಿ, ಶೆಮಾ ಹೇಳುವ ಬಗೆ ಬರೆದ ಪುಟ ಸಿಕ್ಕಿದ ಮೇಲೆ ಮಗಳ ಮುಂದಿಟ್ಟೆ. ಎರಡು ಸಲ ಓದಿದಳು. ‘ಹಂಗಾರ ನಕ್ಕಿದ್ರ ಅವರದ ತಪ್ಪು’ ಎಂದು, ಪಾಠಕ್ಕೆಂದು ಬಡಿದುಕೊಳ್ಳುತ್ತಿದ್ದ ಮೊಬೈಲು ಎತ್ತಿಕೊಂಡು ಒಳಗೆ ಹೋದಳು.

ನಕ್ಕಿದ್ದರೇ ಎಂಬುದು ನನಗೆ ಇಂದಿಗೂ ತಿಳಿಯದು. ಅಜ್ಜನಿಗೆ ದಮ್ಮಿತ್ತೇ ಎಂಬುದೂ ತಿಳಿಯದು. ಪುಟದಲ್ಲಿದ್ದದ್ದು ಇಷ್ಟು: ಶೆಮಾ ಹೇಳುವಾಗ ಎಹಾದ್ ಎಂಬುದನ್ನು ಎಳೆದು ಹೇಳಬೇಕು, ಎಳೆಯಬೇಕಾದದ್ದು ಅದರ ಕೊನೆಯ ‘ದ್’.