ಬಲಗೈಯ ಭಕ್ತಿ, ಮುಂದಿನ ಬ್ರೇಕು

ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ಉಳಿದ ಅಂಗಗಳ ಬಗ್ಗೆ ದೂರಿಲ್ಲ. ಮೊಣಕಾಲು ಒಂದಿಷ್ಟು ಗೊಣಗುತ್ತದೆ, ಆದರೂ ಹೇಳಿದ ಕೆಲಸ ಮಾಡುತ್ತದೆ. ಬಲಗೈ ಮಾತ್ರ ದಾರಿಬದಿಯಲ್ಲಿ ದೇವರು ಕಂಡ ಕೂಡಲೇ, ನನ್ನನ್ನು ಒಂದು ಮಾತೂ ಕೇಳದೆ, ತಾನಾಗಿ ಎದ್ದು ಹೋಗಿ ಎದೆ ಮುಟ್ಟಿ, ತುಟಿ ಮುಟ್ಟಿ ವಾಪಸು ಬರುತ್ತದೆ. ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸವನಗುಡಿಯ ಯಾವ ರಸ್ತೆಯಲ್ಲಾದರೂ ನಿಂತು ನೋಡಿ. ಗಣೇಶನ ಗುಡಿ ಬಂತೆಂದರೆ ಸಾಲಾಗಿ ಬರುವ ಸ್ಕೂಟರುಗಳೆಲ್ಲ ಒಂದು ಕ್ಷಣ ಒಂದೇ ಕೈಯಲ್ಲಿ ಓಡುತ್ತವೆ. ಹಿಂದೆ ಕೂತವರ ಜೊತೆ ಜಗಳವಾಡುತ್ತಿದ್ದವರೂ ಅರ್ಧ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಎದೆ ಮುಟ್ಟಿಕೊಳ್ಳುತ್ತಾರೆ. ಅಲ್ಲಿ ಇದರಿಂದ ಯಾರಿಗೂ ಅಪಾಯವಿಲ್ಲ, ಏಕೆಂದರೆ ಅಲ್ಲಿಯ ಟ್ರಾಫಿಕ್ಕಿನಲ್ಲಿ ನಡೆದು ಹೋಗುವವರೇ ಗಾಡಿಯವರಿಗಿಂತ ಮುಂದಿರುತ್ತಾರೆ.

ಅಪಾಯ ಶುರುವಾದದ್ದು ಜಪಾನಿನ ಒಕಾಜಾಕಿಯಲ್ಲಿ, ನಲವತ್ತು ದಾಟಿದ ಮೇಲೆ ನಾನು ಮೌಂಟನ್ ಬೈಕ್ ಹತ್ತಿದಾಗ. ನನ್ನ ಗಂಡ ಇಲ್ಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಮೆದುಳು ಪರೀಕ್ಷಿಸುತ್ತಾರೆ. ಮನೆಯವರ ಮೆದುಳಿನ ಕಡೆ ನೋಡಲು ಅವರಿಗೆ ಪುರುಸೊತ್ತಿಲ್ಲ. ಮಗಳು ಇಂಚರ ತೊದಲು ಮಾತಿನ ವಯಸ್ಸಿನಲ್ಲಿ ಬಂದವಳು, ಈಗ ಹದಿನೈದು ವರ್ಷದವಳು. ನಾನು ಕನ್ನಡದಲ್ಲಿ ಬೈದದ್ದೆಲ್ಲ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತದೆ. ಎರಡು ವರ್ಷದ ಹಿಂದೆ ಅವಳು ಭಾನುವಾರಗಳಂದು ಒಂದು ಸೈಕಲ್ ಗುಂಪಿನ ಜೊತೆ ಗುಡ್ಡ ಸುತ್ತಲು ಹೊರಟಾಗ, ಕಾಡಿಗೆ ಒಬ್ಬಳನ್ನೇ ಹೇಗೆ ಕಳಿಸುವುದು ಎಂದು ಕಾವಲಿಗೆ ನಾನೂ ಹೋದೆ. ಮೊದಲ ದಿನವೇ ಕಾವಲು ಯಾರಿಗೆ ಬೇಕೆಂಬುದು ಎಲ್ಲರಿಗೂ ಗೊತ್ತಾಯಿತು. ಗುಂಪಿನ ಮುಂದಾಳು ಹಯಾಶಿ-ಸಾನ್ ಹಲ್ಲಿನ ಡಾಕ್ಟರು. ನೋವಾಗುತ್ತದೆ ಎಂಬುದನ್ನು ಹೇಳದೆಯೇ ಕೆಲಸ ಮುಗಿಸುವ ಅಭ್ಯಾಸದವರು. "ಮುಂದೆ ಸ್ವಲ್ಪ ಏರಿದೆ" ಎಂದು ಅವರು ಅಂದರೆ ನಾನು ಸೈಕಲ್ಲಿನಿಂದ ಇಳಿದು ತಳ್ಳಲು ಸಿದ್ಧಳಾಗುತ್ತೇನೆ.

ಆದರೆ ಆ ಸುಖ! ಇಲ್ಲಿಯವು ಬೆಟ್ಟಗಳಲ್ಲ, ಸಣ್ಣ ಸಣ್ಣ ಗುಡ್ಡಗಳು. ಏರಿದರೆ ಸೂಜಿಯಂತೆ ನಿಂತ ಸುಗಿ ಮರಗಳ ಕಾಡು, ಇಳಿದರೆ ಗದ್ದೆ, ಮತ್ತೆ ಏರಿದರೆ ಬಿದಿರು, ಮತ್ತೆ ಇಳಿದರೆ ಚಹಾ ತೋಟ. ಟೈರಿನ ಕೆಳಗೆ ಒಣ ಬಿದಿರೆಲೆ ಹಪ್ಪಳದಂತೆ ಪುಡಿಯಾಗುತ್ತದೆ. ಕಾಡು ಮುಗಿದದ್ದು ತಿಳಿಯುವ ಮೊದಲೇ ಯಾರದೋ ಮೂಲಂಗಿ ಹೊಲದ ಬದುವಿನ ಮೇಲಿರುತ್ತೇವೆ, ಹೊಲದಲ್ಲಿ ಬಗ್ಗಿದ್ದ ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು "ಓಹಾಯೋ" ಎಂದು ಶುಭೋದಯ ಹೇಳುತ್ತಾಳೆ. ಆಗ ನಾನು ಕಿರುಚುತ್ತೇನೆ. ಸುಮ್ಮನೆ, ಖುಷಿಗೆ. ರೈಲಿನಲ್ಲಿ ಪಿಸುಮಾತು, ಲಿಫ್ಟಿನಲ್ಲಿ ಪಿಸುಮಾತು, ಒಗ್ಗರಣೆ ಸಿಡಿದರೂ ಕೆಳಗಿನ ಮನೆಯವರಿಗೆ ಕೇಳೀತೆಂಬ ಭಯ, ಹೀಗೆ ಬದುಕಿದವಳಿಗೆ ಗಂಟಲು ಬಿಚ್ಚಲು ಸಿಕ್ಕ ಜಾಗ ಅದೊಂದೇ. ಕಾಡುಹಂದಿ ಹತ್ತಿರ ಬಾರದಿರಲೆಂದು ಗುಂಪಿನವರು ಸೈಕಲ್ಲಿಗೆ ಗಂಟೆ ಕಟ್ಟುತ್ತಿದ್ದರು. ನಾನು ಸೇರಿದ ಮೇಲೆ ಬಿಚ್ಚಿಟ್ಟರು.

ಎಲ್ಲ ಚೆನ್ನಾಗಿರುತ್ತಿತ್ತು, ದೇವರೊಬ್ಬ ಇಲ್ಲದಿದ್ದರೆ. ಒಕಾಜಾಕಿ ಕಲ್ಲುಕುಟಿಗರ ಊರು. ಕಲ್ಲೂ ಒಳ್ಳೆಯದು, ಕೆತ್ತುವ ಕೈಯೂ ಒಳ್ಳೆಯದು, ಹಾಗಾಗಿ ಸುತ್ತಲಿನ ಕಾಡುದಾರಿಗಳ ತಿರುವು ತಿರುವಿನಲ್ಲಿ ಒಬ್ಬ ಜಿಜೋ ನಿಂತಿದ್ದಾನೆ. ಮೊಣಕಾಲೆತ್ತರ, ಬೋಳು ತಲೆ, ಕಣ್ಣು ಮುಚ್ಚಿದ ನಗು, ಊಟಕ್ಕೆ ಕೂತ ಮಗುವಿಗೆ ಕಟ್ಟುವಂಥ ಕೆಂಪು ಬಟ್ಟೆ ಕೊರಳಿಗೆ. ದಾರಿಹೋಕರನ್ನೂ ಮಕ್ಕಳನ್ನೂ ಕಾಯುವುದು ಇವನ ಇಲಾಖೆ. ಮೂಲ ಹುಡುಕಿದರೆ ನಮ್ಮವನೇ. ಸಂಸ್ಕೃತದಲ್ಲಿ ಕ್ಷಿತಿಗರ್ಭ ಎಂಬ ಬೋಧಿಸತ್ವ, ಭಿಕ್ಷುಗಳ ಜೊತೆ ಚೀನಾ ದಾಟಿ ಇಲ್ಲಿಗೆ ಬಂದು, ಹೆಸರು ಬದಲಿಸಿಕೊಂಡು, ಇಲ್ಲಿಯ ಚಳಿಗೆ ಒಗ್ಗಿಕೊಂಡು, ಕಾಯಂ ಆಗಿ ನೆಲೆಸಿದವನು. ವೀಸಾ ನವೀಕರಣದ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಇಂಥವನು ಎದುರಾದರೆ ನನ್ನ ಬಲಗೈ ಸುಮ್ಮನಿರುವುದುಂಟೆ? ಇಲ್ಲಿಯ ಸೈಕಲ್ಲಿನಲ್ಲೂ ಬಲಗೈಯಲ್ಲಿರುವುದು ಮುಂದಿನ ಚಕ್ರದ ಬ್ರೇಕು, ಇಳಿಜಾರಿನಲ್ಲಿ ಜೀವ ಉಳಿಸುವುದು ಅದೇ. ಕೈ ಎದೆಗೆ ಹೋಗುತ್ತದೆ, ಎಡಗೈ ಗಾಬರಿಯಿಂದ ಹಿಂದಿನ ಬ್ರೇಕನ್ನು ಹಿಸುಕುತ್ತದೆ, ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ, ನಾನು ದೇವರ ಪಾದದ ಬಳಿ ಸಾಷ್ಟಾಂಗ ಬಿದ್ದಿರುತ್ತೇನೆ. ನಮಸ್ಕಾರ ಎಂದು ಶುರುವಾದದ್ದು ಉರುಳುಸೇವೆಯಾಗಿ ಮುಗಿಯುತ್ತಿತ್ತು.

ಬೆಂಗಳೂರಿನಲ್ಲಿ ಬಿದ್ದರೆ ಎತ್ತಲು ನಾಲ್ಕು ಜನ, ಬುದ್ಧಿ ಹೇಳಲು ಹತ್ತು ಜನ ಸೇರುತ್ತಾರೆ. ಇಲ್ಲಿ ಗುಂಪಿನವರು "ದೈಜೋಬು?" ಎಂದು ಮೆಲ್ಲಗೆ ಕೇಳಿ, ಪರವಾಗಿಲ್ಲವೆಂದು ನಾನಂದ ಕೂಡಲೇ ಎಲ್ಲರೂ ಒಟ್ಟಾಗಿ ಬೇರೆ ಕಡೆ ತಿರುಗಿ ಒಂದು ಮರವನ್ನು ಗಮನವಿಟ್ಟು ನೋಡತೊಡಗುತ್ತಾರೆ. ಎದ್ದು ಮಣ್ಣು ಕೊಡವಿಕೊಳ್ಳುವವಳಿಗೆ ನಾಚಿಕೆಯಾಗಬಾರದಲ್ಲ. ನನ್ನಿಂದಾಗಿ ಆ ಗುಂಪಿನವರಿಗೆ ಈ ಭಾಗದ ಮರಗಳೆಲ್ಲ ಪರಿಚಯವಾಗಿವೆ.

ಇದನ್ನೆಲ್ಲ ನಗುತ್ತಲೇ ಇರಬಹುದಿತ್ತು, ಆದರೆ ಜಿಜೋ ಇಳಿಜಾರು ಎಂಬುದೊಂದಿತ್ತು. ನಮ್ಮ ದಾರಿಯ ಕೊನೆಯ ಇಳಿತ ಅದು. ಸುಗಿ ಕಾಡಿನೊಳಗೆ ಶುರುವಾಗಿ, ಜಿಜೋಗಳ ಒಂದು ಇಡೀ ಸಾಲಿನ ಮುಂದೆ ಹಾದು, ಚಹಾ ತೋಟದ ಅಂಚಿನಲ್ಲಿ ತಿರುಗಿ, ಗದ್ದೆಗಳ ನಡುವೆ ಹೋಗಿ ನಿಲ್ಲುತ್ತದೆ. ಒಬ್ಬನಿಗೇ ಬೀಳುವವಳು ಸಾಲಿಗೆ ಏನಾಗಬೇಡ? ಹಾಗಾಗಿ ಪ್ರತಿ ಸಲವೂ ಮೇಲೆಯೇ ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ಇಂಚರ ಹಾರಿಕೊಂಡು ಇಳಿದು ಗದ್ದೆಯ ಬಳಿ ಒಂಟಿಕಾಲಲ್ಲಿ ನಿಂತು ಕಾಯುತ್ತಿದ್ದಳು. ಮೊದಮೊದಲು ನನ್ನ ಕಡೆ ನೋಡುತ್ತಾ ಕಾಯುತ್ತಿದ್ದಳು, ಆಮೇಲಾಮೇಲೆ ಫೋನ್ ನೋಡುತ್ತಾ. ಬರುವ ಏಪ್ರಿಲಿಗೆ ಅವಳು ಹೈಸ್ಕೂಲು, ಇಲ್ಲಿ ಅದು ಹತ್ತನೇ ಕ್ಲಾಸಿನಿಂದ ಶುರು. ಅಲ್ಲಿಯ ವಾದ್ಯವೃಂದ ಸೇರಿದರೆ ಭಾನುವಾರವೂ ಅಭ್ಯಾಸ, ಇನ್ನು ಗುಡ್ಡ ಸುತ್ತಲು ಬಿಡುವಿಲ್ಲ. ಅಂದರೆ ನನಗೆ ಉಳಿದದ್ದು ಮಾರ್ಚಿನ ಕೆಲವು ಭಾನುವಾರಗಳು. ಅಷ್ಟರೊಳಗೆ ಒಂದೇ ಒಂದು ಸಲ, ಅವಳು ಕಾಯುವಲ್ಲಿಗೆ ಸೈಕಲ್ಲಿನ ಮೇಲೇ ಬಂದು ಇಳಿಯಬೇಕೆಂದು ನನಗೆ ಆಸೆ ಹತ್ತಿತು. ಆಸೆಯೆಂದರೆ ಸಣ್ಣ ಮಾತಾಯಿತು, ಚಪಾತಿ ಲಟ್ಟಿಸುವಾಗಲೂ ನನಗೆ ಅದೇ ಇಳಿಜಾರು ಕಾಣುತ್ತಿತ್ತು.

ಅಂಥ ಹೊತ್ತಿನಲ್ಲೇ ಗುಂಪಿನವರು ದಾರಿ ಬದಲಿಸತೊಡಗಿದರು. ಒಂದು ವಾರ ಹೊಳೆಯ ದಂಡೆ, ಇನ್ನೊಂದು ವಾರ ಗೆಣಸಿನ ಹೊಲದ ಸುತ್ತ, ಎಲ್ಲ ಸಪ್ಪೆ ಸಪಾಟು ದಾರಿಗಳು. ನನ್ನಂಥ ಹರಕು ಮೂಟೆಗಾಗಿ ಸುಲಭದ ದಾರಿ ಹಿಡಿದಿದ್ದಾರೆಂದು ನನಗೆ ಅವಮಾನವಾಯಿತು. ಕೊನೆಗೆ ಹಯಾಶಿ-ಸಾನ್ ಅವರನ್ನೇ ಕೇಳಿದೆ. ಅವರು ಹೆಲ್ಮೆಟ್ ತೆಗೆದು, ಬಹಳ ಅಸಭ್ಯವಾದ ಮಾತೊಂದನ್ನು ಆಡುತ್ತಿರುವುದಕ್ಕೆ ಮೂರು ಬಗೆಯಲ್ಲಿ ಕ್ಷಮೆ ಬೇಡಿ, ಆಮೇಲೆ ಹೇಳಿದರು. "ನೀವು ಯಾವಾಗಲೂ ಜಿಜೋ-ಸಾಮ ಎದುರೇ ಬೀಳುತ್ತೀರಿ. ಎದೆ ಹಿಡಿದುಕೊಳ್ಳುತ್ತೀರಿ. ಮೂರ್ತಿ ಕಂಡರೆ ನಿಮಗೆ ಭಯವಿರಬಹುದು ಎಂದುಕೊಂಡೆವು. ಅದಕ್ಕೇ ಮೂರ್ತಿಗಳಿಲ್ಲದ ದಾರಿಗಳನ್ನು ಹುಡುಕಿದೆವು. ಕಷ್ಟವಾಯಿತು."

ಈ ಊರಿನಲ್ಲಿ ಜಿಜೋ ಇಲ್ಲದ ದಾರಿ ಹುಡುಕುವುದೆಂದರೆ ಹುಡುಗಾಟವೇ? ಪುಣ್ಯಾತ್ಮರು ನನಗಾಗಿ ವಾರದ ಮಧ್ಯೆ ಮೊದಲೇ ಹೋಗಿ ನೋಡಿಕೊಂಡು ಬಂದಿದ್ದರಂತೆ. ಇಂಚರಳ ಸಹಾಯದಿಂದ ಬಲಗೈಯ ಕಥೆಯನ್ನೆಲ್ಲ ಹೇಳಿದೆ. ಅವಳು ನನ್ನ ಸ್ಕೂಟರಿನ ಭಾಗಕ್ಕೆ ಬಂದಾಗ ತಾನೇ ಕೈಸನ್ನೆ ಮಾಡಿ ತೋರಿಸಿದಳು. ಹಯಾಶಿ-ಸಾನ್ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹತ್ತಿ ಕೂತರು. "ನಾವೂ ನಮಸ್ಕಾರ ಮಾಡುತ್ತೇವೆ. ಆದರೆ ತಲೆಯಿಂದ" ಎಂದು ಕತ್ತನ್ನು ಒಂದಿಷ್ಟೇ ಬಾಗಿಸಿದರು. ಎರಡೂ ಕೈ ಬ್ರೇಕಿನ ಮೇಲೇ ಇದ್ದವು. ಇಷ್ಟು ವರ್ಷ ಮೂಲೆಯ ಕೊಂಬಿನಿ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಬಸ್ಸಿನ ಡ್ರೈವರಿಗೆ ಕೂಡ ತಲೆ ಬಾಗಿಸಿದವಳಿಗೆ ಅದನ್ನು ದೇವರಿಗೂ ಮಾಡಬಹುದೆಂದು ಹೊಳೆದೇ ಇರಲಿಲ್ಲ ನೋಡಿ.

ಆದರೂ ಒಂದು ಅಳುಕು. ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ, ದೇವರಿಗೆ ಬರೀ ತಲೆ ಆಡಿಸಿದರೆ ನಡೆಯುತ್ತದೆಯೇ ಎಂದು ಕೇಳಿದೆ. "ಬ್ರೇಕ್ ಬಿಟ್ಟು ನಂಗೆ ಕೈ ಮುಗಿ ಅಂತ ಯಾವ ದೇವ್ರು ಕೇಳ್ತಾನೆ? ಮೊದ್ಲು ಹೆಲ್ಮೆಟ್ ಸರಿಯಾಗಿ ಹಾಕ್ಕೋ" ಅಂದಳು. ಶಾಸ್ತ್ರದ ತೊಡಕು ಅಲ್ಲಿಗೆ ಬಗೆಹರಿಯಿತು.

ಉಳಿದದ್ದು ಅಭ್ಯಾಸ. ಮೀನಿನ ಮೆದುಳಿನ ತಜ್ಞರನ್ನು ಅಪಾರ್ಟ್‌ಮೆಂಟಿನ ಸೈಕಲ್ ಸ್ಟ್ಯಾಂಡಿನ ಬಳಿ ಕೊರಳಿಗೆ ಕೆಂಪು ಟವೆಲ್ ಕಟ್ಟಿ ನಿಲ್ಲಿಸಿದೆ. ಬೋಳು ತಲೆಯ ಮಟ್ಟಿಗೆ ಅವರಿಗೆ ಮೇಕಪ್ಪಿನ ಅಗತ್ಯವಿರಲಿಲ್ಲ. "ಕಣ್ಣು ಮುಚ್ಚಿ, ಸ್ವಲ್ಪ ನಗಿ" ಅಂದರೆ, "ಕಣ್ಣು ಮುಚ್ಚಿದ್ರೆ ನೀನು ನನ್ನ ಮೇಲೇ ಹತ್ತಿಸ್ತೀಯ" ಎಂದು ಕಣ್ಣು ಬಿಟ್ಟುಕೊಂಡೇ ನಿಂತರು. ಅವರ ಮುಂದೆ ಹೋಗುವಾಗ ತಲೆ ಬಾಗಿಸುವುದು, ತಿರುಗಿ ಬರುವುದು, ಮತ್ತೆ ಬಾಗಿಸುವುದು. ಮದುವೆಯಾದಂದಿನಿಂದ ನಾನು ಅವರಿಗೆ ಅಷ್ಟು ಗೌರವ ಕೊಟ್ಟದ್ದು ಆ ವಾರವೇ. ಹಾದುಹೋಗುತ್ತಿದ್ದ ಪಕ್ಕದ ಮನೆಯವರು ತಾವೂ ನನ್ನ ಗಂಡನಿಗೆ ತಲೆ ಬಾಗಿಸಿ ಮುಂದೆ ಹೋದರು.

ಮಾರ್ಚಿನ ಕೊನೆಯ ಭಾನುವಾರ ಮತ್ತೆ ಜಿಜೋ ಇಳಿಜಾರಿನ ತುದಿಗೆ ಬಂದೆವು. ಪ್ಲಮ್ ಹೂವು ಉದುರಿ, ಚೆರ್ರಿ ಇನ್ನೂ ಅರಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ದಿನ. ಇಂಚರ ಇಳಿದು ಹೋದಳು. ಹಯಾಶಿ-ಸಾನ್ "ಸ್ವಲ್ಪ ಇಳಿತವಿದೆ" ಅಂದರು. ನಾನು ಹೊರಟೆ. ಸಾಲು ಕಂಡಿತು. ಬಲಗೈ ಬೆರಳುಗಳು ಮಿಸುಕಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ತಲೆ ಬಾಗಿಸಿದೆ. ಒಬ್ಬನಿಗೆ ಆಯಿತು, ಪಕ್ಕದವನಿಗೆ ಆಯಿತು, ಆಮೇಲೆ ಯಾರನ್ನೂ ಬಿಡದೆ ಕೋಳಿ ಕಾಳು ಹೆಕ್ಕುವಂತೆ ತಲೆ ಆಡಿಸುತ್ತಾ ಸಾಗಿದೆ. ಸಾಲು ಮುಗಿಯಿತು, ನಾನಿನ್ನೂ ಸೈಕಲ್ಲಿನ ಮೇಲಿದ್ದೆ! ಚಹಾ ತೋಟ ಹಸಿರು ಗೆರೆಯಾಗಿ ಸರಿಯಿತು, ಬಾಯಿಂದ ಹೊರಟ ಕೂಗಿಗೆ ಗದ್ದೆಯ ಬೆಳ್ಳಕ್ಕಿಗಳೆಲ್ಲ ಎದ್ದವು. ಇಂಚರ ಫೋನಿನಿಂದ ತಲೆಯೆತ್ತಿದಳು. ನಾನು ಅವಳನ್ನೂ ದಾಟಿ ಹೋಗಿ, ಹೋದ ವರ್ಷದ ಕೂಳೆ ಉಳಿದ ಗದ್ದೆಗೆ ಇಳಿದು, ಅಲ್ಲಿ ನಾನಾಗಿಯೇ ನಿಂತೆ. ಬೀಳಲಿಲ್ಲ. ಗುಂಪಿನವರು ಮೇಲಿನಿಂದ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಂದು ಕ್ಷಣ ಬೇಸರವಾಯಿತು. ಇಷ್ಟೇನಾ? ಇಷ್ಟು ದಿನ ಕನಸು ಕಂಡದ್ದು ಸಾರಿನ ಪುಡಿ ಹುರಿಯುವಷ್ಟು ಹೊತ್ತೂ ಇರಲಿಲ್ಲ.

"ಅಮ್ಮಾ, ಸುಗೋಯ್!" ಎಂದು ಜಪಾನಿಯಲ್ಲಿ ಶಭಾಷ್ ಹೇಳುತ್ತಾ ಇಂಚರ ಓಡಿ ಬಂದಳು. ಫೋನ್ ಚೀಲಕ್ಕೆ ಹೋಗಿತ್ತು. "ಮತ್ತೆ ಮಾಡೋಣ. ಈ ಸಲ ಇಬ್ರೂ. ಟುಗೆದರ್."

ಮತ್ತೆ ಇಳಿಯಬೇಕಾದರೆ ಮತ್ತೆ ಹತ್ತಬೇಕಲ್ಲ. ಆ ಏರನ್ನು ತುಳಿದು ಹತ್ತುವುದು ಅವಳಿಗೂ ಆಗದು. ಇಬ್ಬರೂ ಪಕ್ಕಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೊರಟೆವು. ಅವಳು ಮಾತು ಶುರುಮಾಡಿದಳು. ಹೊಸ ಶಾಲೆಯಲ್ಲಿ ಯಾರೂ ಗೊತ್ತಿಲ್ಲ ಎಂದು ಭಯವಂತೆ, ಟ್ರೊಂಬೋನಿಗೆ ತನ್ನ ಕೈ ಗಿಡ್ಡವಂತೆ, ಗೆಳತಿಯೊಬ್ಬಳು ಮಾತು ಬಿಟ್ಟಿದ್ದಾಳಂತೆ. ಮುರುಕು ಕನ್ನಡ, ನಡುನಡುವೆ ಜಪಾನಿ, ಸಿಗದಿದ್ದಲ್ಲಿ ಇಂಗ್ಲಿಷು. ಇಷ್ಟು ಭಾನುವಾರ ಈ ದಾರಿಯಲ್ಲಿ ಅವಳು ಇಳಿದಿದ್ದಳು, ನಾನು ನಡೆದಿದ್ದೆ, ಇಬ್ಬರೂ ಒಟ್ಟಿಗೆ ಹತ್ತಿದ್ದು ಮಾತ್ರ ಇದೇ ಮೊದಲು. ಅರ್ಧ ದಾರಿಯಲ್ಲಿ "ಸುಸ್ತಾಯ್ತಾ ಅಮ್ಮಾ? ಸ್ವಲ್ಪ ನಿಲ್ಲೋಣ್ವಾ?" ಎಂದು ಕೇಳಿದಳು. ಸುಸ್ತೇನೂ ಆಗಿರಲಿಲ್ಲ. ಆದರೂ ಆಗಿದೆ ಅಂದೆ.